ಮನೆಯಲ್ಲಿ ಓದುವ ಮಕ್ಕಳಿಗೆ ಯಾವ ರಸಾಯನಶಾಸ್ತ್ರ?



ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಪದ್ಧತಿಯು ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಶ್ರೀಮಠದ ಸದ್ಭಕ್ತರ ಮನೆತನಗಳೂ ಇದಕ್ಕೆ ಹೊರತಾಗಿಲ್ಲ. ಈ ಪದ್ಧತಿಯು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಅನುಭವ ಮಂಟಪದಲ್ಲಿ ಕುಳಿತ ಶರಣರಾರೂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಲ್ಲ. ಆದರೆ ಮಗುವು ಪ್ರೌಢಶಾಲೆಯ ವಯಸ್ಸಿಗೆ ಬಂದೊಡನೆ ತಂದೆತಾಯಿಗಳು ಒಂದು ತೊಡಕಿಗೆ ಸಿಲುಕುತ್ತಾರೆ. ಭಾಷೆ, ಇತಿಹಾಸ, ಗಣಿತಗಳು ಮನೆಯಲ್ಲಿ ಹೇಗೋ ಸಾಗುತ್ತವೆ. ರಸಾಯನಶಾಸ್ತ್ರದ ಬಳಿ ಬಂಡಿ ನಿಂತುಬಿಡುತ್ತದೆ. ಯಾವ ಪಠ್ಯಕ್ರಮವನ್ನು ಆರಿಸಬೇಕು? ಈ ಪ್ರಶ್ನೆಗೆ ಬಲ್ಲವರೆನಿಸಿಕೊಂಡವರಿಂದ ಸಿಗುವ ಉತ್ತರವು ಸಾಮಾನ್ಯವಾಗಿ ಒಂದೇ: “ಪ್ರಯೋಗದ ಕಾಟ ಎಲ್ಲಿ ಕಡಿಮೆಯೋ ಅದನ್ನು ಆರಿಸಿಕೊಳ್ಳಿ.” ಈ ಸಲಹೆಯನ್ನು ಖಂಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಇರುವ ದಾರಿಗಳನ್ನು ನೋಡೋಣ. 1979ರಲ್ಲಿ ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಲಿಯ ಒಂದು ಯೋಜನೆಯಾಗಿ ಆರಂಭವಾಗಿ, 1989ರಲ್ಲಿ ಸ್ವಾಯತ್ತತೆಯನ್ನು ಪಡೆದ ರಾಷ್ಟ್ರೀಯ ಮುಕ್ತ ಶಾಲೆಯು ಮನೆಯಲ್ಲಿ ಓದುವವರಿಗೆ ದೊಡ್ಡ ಆಸರೆ. ಅದರ ಹಿರಿಯ ಮಾಧ್ಯಮಿಕ ಹಂತದ ರಸಾಯನಶಾಸ್ತ್ರದಲ್ಲಿ ಲಿಖಿತ ಪರೀಕ್ಷೆಗೆ 80, ಪ್ರಯೋಗಕ್ಕೆ 20 ಅಂಕಗಳು. ನಮ್ಮ ರಾಜ್ಯದ ದ್ವಿತೀಯ ಪಿ.ಯು.ಸಿ.ಯಲ್ಲಿ ಪ್ರಯೋಗಕ್ಕೆ 30 ಅಂಕಗಳು. ವಿದೇಶದ ಕೇಂಬ್ರಿಜ್ ಪರೀಕ್ಷೆಯಲ್ಲಿಯಾದರೋ ಹತ್ತನೆಯ ತರಗತಿಯ ಮಟ್ಟಕ್ಕೆ ಪ್ರಯೋಗದ ಬದಲಿಗೆ ಪ್ರಯೋಗವನ್ನು ಕುರಿತ ಒಂದು ಲಿಖಿತ ಪತ್ರಿಕೆಯನ್ನೇ ಬರೆದು ಮುಗಿಸಲು ಅವಕಾಶವಿದೆ. ಬ್ಯುರೆಟ್ಟಿನ ಚಿತ್ರವನ್ನು ನೋಡಿ ಅಳತೆಯನ್ನು ಓದಿದರಾಯಿತು, ಬ್ಯುರೆಟ್ಟನ್ನು ಮುಟ್ಟಬೇಕಾಗಿಲ್ಲ. ಮನೆಯಲ್ಲಿ ಓದಿಸುವ ಅನೇಕರು ಇದನ್ನೇ ಇದರ ದೊಡ್ಡ ಗುಣವೆಂದು ಹೊಗಳುತ್ತಾರೆ! ಈಜುವುದನ್ನು ಕುರಿತು ಪ್ರಬಂಧ ಬರೆದವನಿಗೆ ಈಜು ಬರುತ್ತದೆಂದು ನಂಬಿ ಕೆರೆಗೆ ತಳ್ಳುವ ತಂದೆ ಯಾರಾದರೂ ಇದ್ದಾರೆಯೇ?

ಇನ್ನೊಂದು ಗುಂಪಿನವರದು ಪ್ರವೇಶ ಪರೀಕ್ಷೆಯ ವಾದ. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಬುರುಡಿಗೆ, ಬ್ಯುರೆಟ್ಟಿಗೆ ಬೆಲೆಯಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದೊಂದೇ ವಿದ್ಯೆ. ಆದ್ದರಿಂದ ಪರೀಕ್ಷೆಗೆ ಬರುವುದನ್ನು ಓದಿಸಿ, ಉಳಿದುದನ್ನು ಬಿಡಿ ಎನ್ನುತ್ತಾರೆ. ಇವರಿಗೆ ಎನ್.ಸಿ.ಇ.ಆರ್.ಟಿ. ಸಂಸ್ಥೆಯೇ ಬಲ ತುಂಬಿದಂತಾಯಿತು. ಕೋವಿಡ್ ಕಾಲದ ಹೊರೆಯನ್ನು ಇಳಿಸುವ ಕಾರಣವನ್ನು ಮುಂದೊಡ್ಡಿ 2022ರಲ್ಲಿ ಅದು ಪಾಠಗಳನ್ನು ಕತ್ತರಿಸಿತು. ಹತ್ತನೆಯ ತರಗತಿಯ ಪುಸ್ತಕದಿಂದ ಧಾತುಗಳ ಆವರ್ತ ವರ್ಗೀಕರಣವು ಹೋಯಿತು. ಹನ್ನೆರಡನೆಯ ತರಗತಿಯಿಂದ ಘನಸ್ಥಿತಿ, ಮೇಲ್ಮೈ ರಸಾಯನ, ಪಾಲಿಮರುಗಳು, ನಿತ್ಯಜೀವನದಲ್ಲಿ ರಸಾಯನಶಾಸ್ತ್ರ, ಅದಿರಿನಿಂದ ಲೋಹವನ್ನು ಬೇರ್ಪಡಿಸುವ ವಿಧಾನ ಇವೆಲ್ಲವೂ ಹೋದವು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದರೂ ಹಟ್ಟಿಯಲ್ಲಿ ಇಂದಿಗೂ ಚಿನ್ನವನ್ನು ತೆಗೆಯುತ್ತಿರುವ ನಾಡು ನಮ್ಮದು. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಿನವು. ಈ ನಾಡಿನ ಮಗು ಕಲ್ಲಿನಿಂದ ಲೋಹವು ಹೇಗೆ ಬರುತ್ತದೆಂಬುದನ್ನು ಓದದೆಯೇ ರಸಾಯನಶಾಸ್ತ್ರದಲ್ಲಿ ಉತ್ತೀರ್ಣವಾಗಬಹುದು. ಶಾಲೆಯ ಉಪಾಧ್ಯಾಯರಿಗೆ ಪುಸ್ತಕವನ್ನು ಮೀರುವ ಸ್ವಾತಂತ್ರ್ಯವಾಗಲಿ ಬಿಡುವಾಗಲಿ ಕಡಿಮೆ. ಮನೆಯಲ್ಲಿ ಕಲಿಸುವ ತಂದೆತಾಯಿಗಳಿಗೆ ಅದು ಪೂರ್ಣವಾಗಿದೆ. ಆ ಸ್ವಾತಂತ್ರ್ಯಕ್ಕಾಗಿಯೇ ಶಾಲೆಯನ್ನು ಬಿಡಿಸಿ, ಅನಂತರ ಶಾಲೆಗಿಂತಲೂ ಬಡವಾದ ಪಾಠವನ್ನು ಆರಿಸಿಕೊಳ್ಳುವುದು ಯಾವ ನ್ಯಾಯ?

ರಸಾಯನಶಾಸ್ತ್ರವು ನಮ್ಮ ಅಂಗಳದ ವಿದ್ಯೆ ಎಂಬುದನ್ನು ತಾವು ಮರೆಯಬಾರದು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಹಿಂದಿನ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ ಈ ಔಷಧವನ್ನು ರೈತರಲ್ಲಿ ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿಯಾದ ಮೇಲೆ ರೈತನು ಹೊಳೆಯುವ ಕಬ್ಬಿಣದ ಕತ್ತಿಯೊಂದನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾನೆ. ಕತ್ತಿಯ ಮೇಲೆ ಕೆಂಪು ಲೇಪವು ಕೂತರೆ ದ್ರಾವಣದಲ್ಲಿ ತಾಮ್ರವು ಇನ್ನೂ ಬಿಡಿಯಾಗಿದೆ, ಎಲೆಯನ್ನು ಸುಡುತ್ತದೆ ಎಂದರ್ಥ. ಇನ್ನಷ್ಟು ಸುಣ್ಣವನ್ನು ಸೇರಿಸುತ್ತಾನೆ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರದಬ್ಬುವ ಈ ಕ್ರಿಯೆಯೇ ಪಠ್ಯಪುಸ್ತಕದ ಸ್ಥಾನಪಲ್ಲಟ ಕ್ರಿಯೆ. ಪುಡಿಮಾಡಿದ ಅದಿರಿನ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ, ಸತುವನ್ನು ಹಾಕಿ ಮರಳಿ ಪಡೆಯುವ 1887ರ ವಿಧಾನದಲ್ಲಿ ಚಿನ್ನವನ್ನು ಹೊರಗೆಡಹುವುದೂ ಇದೇ ತತ್ತ್ವವೇ. ಕತ್ತಿಯ ಮೇಲಿನ ಕೆಂಪನ್ನು ಕಣ್ಣಾರೆ ಕಂಡ ಮಗುವಿಗೆ ಗಣಿಯ ಪಾಠವು ಅರ್ಧ ಗಂಟೆಯ ಕೆಲಸ. ಕಾಣದ ಮಗುವಿಗೆ ಎರಡೂ ಬಾಯಿಪಾಠದ ಎರಡು ಸಾಲುಗಳು, ಅಷ್ಟೇ.

ಎಲೆಯಡಿಕೆಯ ತಟ್ಟೆಯಲ್ಲಿರುವ ಸುಣ್ಣವನ್ನೇ ತೆಗೆದುಕೊಳ್ಳಿ. ಅರಿಸಿನಕ್ಕೆ ಅದು ತಾಗಿದರೆ ಕೆಂಪಾಗುತ್ತದೆ. ಅದು ಪ್ರತ್ಯಾಮ್ಲದ ಗುರುತು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರನ್ನು ಊದಿದರೆ ಹಾಲಿನಂತಾಗುತ್ತದೆ. ನೂರು ಗ್ರಾಂ ಶುದ್ಧ ಸುಣ್ಣಕಲ್ಲನ್ನು ಪೂರ್ಣವಾಗಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣವು ಉಳಿದು 44 ಗ್ರಾಂ ಅನಿಲವು ಹೊರಟುಹೋಗುತ್ತದೆ. ಮೋಲ್ ಎಂಬ ಹೆಸರನ್ನು ಕೇಳಿ ಹೆದರುವ ಮಕ್ಕಳಿಗೆ ಆ ಲೆಕ್ಕವನ್ನು ಸುಣ್ಣದ ಭಟ್ಟಿಯಿಂದಲೇ ಆರಂಭಿಸಬಹುದು.

ನಮ್ಮ ಪರಂಪರೆಯ ಮಾತನ್ನು ಇಲ್ಲಿ ಹೇಳದಿರಲಾರೆ. ಡೋಹರ ಕಕ್ಕಯ್ಯನವರ ಕಾಯಕವು ಚರ್ಮವನ್ನು ಹದಮಾಡುವುದಾಗಿತ್ತು. ಸುಣ್ಣದಿಂದ ಕೂದಲನ್ನು ಬಿಡಿಸಿ, ತಂಗಡಿಯ ತೊಗಟೆಯ ಒಗರಿನಿಂದ ಚರ್ಮವನ್ನು ಕೊಳೆಯದಂತೆ ಮಾಡುವ ಆ ಕಸುಬು ಶುದ್ಧ ರಸಾಯನಶಾಸ್ತ್ರ. ಮಡಿವಾಳ ಮಾಚಿದೇವರ ಕಸುಬಿನವರು ಬಟ್ಟೆಯ ಜಿಡ್ಡನ್ನು ತೆಗೆಯಲು ಬಳಸುತ್ತಿದ್ದ ಚೌಳು ಮಣ್ಣಿನ ಗುಣವೂ ಅದರಲ್ಲಿರುವ ಸೋಡಾದಿಂದಲೇ ಬಂದದ್ದು. ‘ಹಿಂದೂ ರಸಾಯನಶಾಸ್ತ್ರದ ಚರಿತ್ರೆ’ಯನ್ನು ಬರೆದ ಆಚಾರ್ಯ ಪ್ರಫುಲ್ಲಚಂದ್ರ ರಾಯರು ಅದರಲ್ಲಿ ಒಂದು ಕಟುಸತ್ಯವನ್ನು ಹೇಳಿದ್ದಾರೆ. ಕೈಕಸುಬುಗಳನ್ನು ಕೀಳು ಜಾತಿಗಳಿಗೆಂದು ತಳ್ಳಿ, ಬುದ್ಧಿವಂತರೆನಿಸಿಕೊಂಡವರು ಕೈಯನ್ನು ಮಲಿನಮಾಡಿಕೊಳ್ಳಲೊಲ್ಲದೆ ದೂರ ಸರಿದುದರಿಂದಲೇ ಈ ದೇಶದಲ್ಲಿ ವಿಜ್ಞಾನವು ಕ್ಷೀಣಿಸಿತೆಂಬುದು ಅವರ ಅಭಿಪ್ರಾಯ. ಕಾಯಕವನ್ನೇ ಕೈಲಾಸವೆಂದು ನಂಬಿದ ಸಮಾಜದ ಮಕ್ಕಳು ಇಂದು ಬಟ್ಟೆಗೆ ಕಲೆಯಾಗದ ರಸಾಯನಶಾಸ್ತ್ರವನ್ನು ಹುಡುಕುತ್ತಿರುವುದು ವಿಷಾದದ ಸಂಗತಿಯಲ್ಲವೇ?

“ಆಮ್ಲ, ಬೆಂಕಿಗಳೊಡನೆ ಮನೆಯಲ್ಲಿ ಆಟವೇ? ಮಗುವಿನ ಕಣ್ಣಿಗೆ ಹೊಣೆ ಯಾರು?” ಎಂದು ತಾವು ಕೇಳುವಿರಿ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳುವಂತಿಲ್ಲ. ಪ್ರಬಲ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳು ಮನೆಯ ಹೊಸ್ತಿಲನ್ನು ದಾಟಕೂಡದು. ಮನೆಯಲ್ಲಿ ಮಾಡುವ ಪ್ರಯೋಗಗಳು ಅರಿಸಿನ, ಸುಣ್ಣದ ತಿಳಿನೀರು, ವಿನಿಗರ್, ಅಡುಗೆ ಸೋಡಾಗಳಷ್ಟಕ್ಕೆ ನಿಲ್ಲಲಿ. ಸುಣ್ಣವಾದರೂ ಕಣ್ಣಿಗೆ ಸಿಡಿದರೆ ಕೇಡೇ, ಆದಕಾರಣ ಕಣ್ಣಿಗೆ ಕನ್ನಡಕವೂ ಬಳಿಯಲ್ಲಿ ಹಿರಿಯರೂ ಇರಲಿ. ಮೈಲುತುತ್ತವು ವಿಷ, ಅದನ್ನು ಅಡುಗೆಯ ಪಾತ್ರೆಯಲ್ಲಿ ಕಲಸಕೂಡದು. ಆದರೆ ಇಷ್ಟರಿಂದಲೇ ಪ್ರೌಢಶಾಲೆಯ ರಸಾಯನಶಾಸ್ತ್ರವು ಪೂರ್ಣವಾಗದೆಂಬುದೂ ನಿಜ. ಪರ್ಮಾಂಗನೇಟಿನ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ತಿಳಿಗುಲಾಬಿ ಬಣ್ಣವು ನಿಂತ ಕ್ಷಣದಲ್ಲಿ ಕೀಲನ್ನು ತಿರುಗಿಸಿ ನಿಲ್ಲಿಸುವುದನ್ನು, ಎರಡು ಅಳತೆಗಳು ಹೊಂದುವವರೆಗೆ ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುವುದನ್ನು ಮಗುವು ಪ್ರಯೋಗಶಾಲೆಯಲ್ಲಿಯೇ ಕಲಿಯಬೇಕು. ಅಳತೆಯು ಹೊಂದದಿದ್ದಾಗ ಹೊಂದದ ಅಂಕಿಯನ್ನೇ ಬರೆಯುವ ಪ್ರಾಮಾಣಿಕತೆಯನ್ನೂ ಅಲ್ಲಿಯೇ ಕಲಿಯಬೇಕು. ಚಲಚ್ಚಿತ್ರಗಳಲ್ಲಿ ಎಲ್ಲ ಅಳತೆಗಳೂ ಹೊಂದುತ್ತವೆ.

ಹಾಗಾದರೆ ನನ್ನ ಸಲಹೆಯೇನು? ಸಾಧ್ಯವಿದ್ದವರು ಪ್ರಯೋಗ ಪರೀಕ್ಷೆ ಇರುವ ಪಠ್ಯಕ್ರಮವನ್ನೇ ಆರಿಸಲಿ. ಮುಕ್ತ ಶಾಲೆಯದು ಸಾಕು, ವಿದೇಶದ ಮುದ್ರೆಯೇ ಬೇಕೆಂಬ ಹಟವು ಬೇಡ. ಪುಸ್ತಕದಿಂದ ಕತ್ತರಿಸಿ ತೆಗೆದ ಅಧ್ಯಾಯಗಳನ್ನು ಹಳೆಯ ಮುದ್ರಣದಿಂದ ಓದಿಸಲಿ. ಮಗುವು ಯಾವ ಮಾಧ್ಯಮದಲ್ಲಿ ಪರೀಕ್ಷೆ ಬರೆದರೂ ತಾನು ಮಾಡಿದ ಪ್ರಯೋಗವನ್ನು ಅಜ್ಜಿಗೆ ಕನ್ನಡದಲ್ಲಿ ವಿವರಿಸಿ ಹೇಳಲಿ. ಹೇಳಲಾರದಿದ್ದರೆ ತಿಳಿದಿಲ್ಲವೆಂದು ಬಗೆಯಿರಿ.

ಇನ್ನು ನಮ್ಮವರನ್ನೇ ಕುರಿತು ಒಂದು ಮಾತು, ಇದನ್ನು ಶ್ರೀಮಠದ ಪತ್ರಿಕೆಯಲ್ಲಿಯೇ ಹೇಳಬೇಕು. ಅನ್ನ, ಅಕ್ಷರ, ಆಶ್ರಯಗಳ ದಾಸೋಹವೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಮಠಗಳ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳಲ್ಲಿ ಭಕ್ತರ ಕಾಣಿಕೆಯಿಂದ ಕಟ್ಟಿದ ಪ್ರಯೋಗಶಾಲೆಗಳು ಭಾನುವಾರ ಬೀಗ ಹಾಕಿಕೊಂಡಿರುತ್ತವೆ. ಮನೆಯಲ್ಲಿ ಓದುವ ಮಗುವು ಅನ್ನಕ್ಕೆ ಬಂದರೆ ಯಾವ ಶಾಲೆಯ ಮಗುವೆಂದು ದಾಸೋಹದಲ್ಲಿ ಯಾರೂ ಕೇಳುವುದಿಲ್ಲ. ಪ್ರಯೋಗಶಾಲೆಯ ಬಾಗಿಲಲ್ಲಿ ಮಾತ್ರ ದಾಖಲಾತಿ ಸಂಖ್ಯೆಯನ್ನು ಕೇಳುತ್ತಾರೆ. ತಿಂಗಳಿಗೆ ಎರಡು ಭಾನುವಾರ, ಒಬ್ಬ ಉಪಾಧ್ಯಾಯರು, ಒಬ್ಬ ಸಹಾಯಕ, ಹತ್ತು ಮಕ್ಕಳು. ಒಡೆದ ಗಾಜಿನ ವೆಚ್ಚವನ್ನು ತಂದೆತಾಯಿಗಳು ಭರಿಸಲಿ. ನಿವೃತ್ತರಾದ ವಿಜ್ಞಾನ ಉಪಾಧ್ಯಾಯರು ಹಳೆಯ ವಿದ್ಯಾರ್ಥಿಗಳಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ಹಳೆಯ ವಿದ್ಯಾರ್ಥಿಗಳ ಮುಂದಿನ ಸಭೆಯಲ್ಲಿ ಈ ಬಿನ್ನಹವನ್ನು ಲಿಖಿತವಾಗಿ ಆಡಳಿತ ಮಂಡಲಿಯ ಮುಂದೆ ಇಡಲಿದ್ದೇನೆ. ಸಹಿ ಹಾಕುವವರೂ ಬನ್ನಿ, ಆಗದೆಂದು ವಾದಿಸುವವರೂ ಕಾರಣಗಳೊಡನೆ ಬನ್ನಿ.