ಆರು ಆಂಟೆನಾ ನೋಡಿ ರೌಟರ್ ತಗೋಬೇಡಿ

1/6
ಮೊದಲೇ ಹೇಳ್ಬಿಡ್ತೀನಿ, ಇದು ಅನ್‌ಬಾಕ್ಸಿಂಗ್ ಪೋಸ್ಟ್ ಅಲ್ಲ, ಜಗಳ. "ಮನೇಲಿ ಕಾಲ್ ಕಟ್ ಆಗ್ತಿದೆ" ಅಂದ ತಕ್ಷಣ "ಪ್ಲಾನ್ ದೊಡ್ಡದು ಮಾಡಿಸಿ, ಜಾಸ್ತಿ ಆಂಟೆನಾ ಇರೋ ರೌಟರ್ ತಗೊಳ್ಳಿ" ಅಂತಾರಲ್ಲ, ಅವರೆಲ್ಲರ ಜೊತೆ ಜಗಳ. ಹೋದ ವರ್ಷದವರೆಗೆ ನಾನೂ ಅದೇ ಪಾರ್ಟಿ.

ನಮ್ಮನೆ ಮಲೆನಾಡಲ್ಲಿ. ಒಳಗೆ ಮೊಬೈಲ್ ಸಿಗ್ನಲ್ ಇಲ್ಲ. ಅಂಗಳದ ತುದೀಲಿ ತೆಂಗಿನಮರದ ಹತ್ರ ಎರಡು ಕಡ್ಡಿ ಬರುತ್ತೆ, ಜೋರು ಮಳೇಲಿ ಅಲ್ಲಿ ಹೋಗಿ ನಿಲ್ಲೋರು ಯಾರು? ಏರ್‌ಟೆಲ್ 2019ರ ಡಿಸೆಂಬರಲ್ಲಿ, ಜಿಯೋ 2020ರ ಜನವರೀಲಿ ವೈಫೈ ಕಾಲಿಂಗ್ ಶುರು ಮಾಡಿದ್ವು. ನಿಮಗೆ ಅದು ಸೆಟ್ಟಿಂಗ್ಸಲ್ಲಿರೋ ಒಂದು ಬಟನ್. ನಮಗೆ ಅದು, ವಾಟ್ಸಾಪ್ ಕಾಲು, ಇವೆರಡೇ ಮನೆ ಫೋನು.

ಬೆಂಗಳೂರಿಂದ ಅತ್ತೆ ಫೋನ್ ಮಾಡಿ ಆಪರೇಷನ್ ತಾರೀಖು ಹೇಳಿದ್ರು, ಜೊತೆಗೆ ಯಾರು ಬರ್ತೀರಿ ಅಂತ ಕೇಳಿದ್ರು. ಅಜ್ಜಿ "ನಿನ್ನಣ್ಣ ಬರ್ತಾನೆ, ಹೆದರ್ಬೇಡ" ಅಂತ ನಾಲ್ಕು ಸಲ ಹೇಳಿದ್ರು. ಅತ್ತೆಗೆ ಕೇಳಿಸಿದ್ದು ಬರೀ ಗರಗರ, ಆಮೇಲೆ ಮೌನ. ಅಮ್ಮಂಗೆ ಸಿಟ್ಟು ಬಂದಿದೆ ಅಂದ್ಕೊಂಡು ಇಟ್ಟುಬಿಟ್ರು. ಅಪ್ಪ ಬೆಂಗಳೂರಲ್ಲಿ ಬಸ್ ಇಳಿಯೋ ಹೊತ್ತಿಗೆ ಅತ್ತೆ ಪಕ್ಕದ ಮನೆಯವರ ಜೊತೆ ಹೋಗಿ ಅಡ್ಮಿಟ್ ಆಗಿದ್ರು. ಇವತ್ತಿಗೂ ಆ ಮಾತು ಎತ್ತಿದ್ರೆ ಮುಖ ಸಪ್ಪೆ.

ಅಜ್ಜಿ ಮಾತಾಡ್ತಿದ್ದ ಹೊತ್ತಲ್ಲಿ ಜಗಲೀಲಿ ಕೂತು ಕಾಲೇಜ್ ಫೆಸ್ಟ್ ವಿಡಿಯೋ ಅಪ್‌ಲೋಡ್ ಮಾಡ್ತಿದ್ದೋರು ಯಾರು ಅಂತ ಕೇಳ್ಬೇಡಿ.

2/6
ಅದಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಅಪ್ಪನ ತಲೆ ತಿಂದದ್ದು. 40 ಎಂಬಿಪಿಎಸ್ ಇದ್ದ ಪ್ಲಾನ್ 100 ಆಯ್ತು. 4,200 ರೂಪಾಯಿ ಕೊಟ್ಟು ಆರು ಆಂಟೆನಾ ರೌಟರ್ ಬಂತು, ನೋಡೋಕೆ ಮಗುಚಿಟ್ಟ ಏಡಿ ಥರ. ಕಾಲ್? ಮೊದಲಿನ ಹಾಗೇ ಗರಗರ.

ಈಗ ಲೆಕ್ಕ ನೋಡಿ. ಬಿಕಾಂ ಓದೋರಿಗೆ ಇಷ್ಟು ಲೆಕ್ಕ ಬರಲೇಬೇಕಿತ್ತು, ನಾನು ಹಾಕ್ಲಿಲ್ಲ. ಲ್ಯಾಂಡ್‌ಲೈನ್ ಗುಣಮಟ್ಟದ ಜಿ.711 ಅನ್ನೋ ಕೋಡೆಕ್‌ನಲ್ಲಿ ಬರೀ ಮಾತಿಗೆ 64 ಕೆಬಿಪಿಎಸ್ ಬೇಕು. ಪ್ಯಾಕೆಟ್ ಮೇಲಿನ ವಿಳಾಸದ ಚೀಟಿ ಎಲ್ಲ ಸೇರಿಸಿದ್ರೂ 100ರೊಳಗೆ. ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್ ಅಂದ್ರೆ ಕನಿಷ್ಠ 2 ಎಂಬಿಪಿಎಸ್ ಇರ್ಬೇಕು ಅಂತ ಮಾಡ್ತು. ಆ ಕನಿಷ್ಠದಲ್ಲೇ ಒಟ್ಟಿಗೆ ಇಪ್ಪತ್ತು ಜನ ಮಾತಾಡ್ಬಹುದು. ಹಾಗಿದ್ರೆ ಒಬ್ಬ ಅಜ್ಜಿಗೆ 300 ಎಂಬಿಪಿಎಸ್ ಪ್ಲಾನ್ ಯಾಕೆ ಮಾರ್ತಿದ್ದಾರೆ?

ಕಾಲ್‌ಗೆ ಬೇಕಾಗಿರೋದು ಅಗಲ ಅಲ್ಲ, ಟೈಮು. ಸೆಕೆಂಡಿಗೆ 50 ಚಿಕ್ಕ ಪ್ಯಾಕೆಟ್, ಅಂದ್ರೆ 20 ಮಿಲಿಸೆಕೆಂಡಿಗೊಂದು, ತಾಳ ತಪ್ಪದೆ ಹೋಗ್ತಿರ್ಬೇಕು. ಬಾಯಿಂದ ಆ ಕಡೆ ಕಿವಿಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದ್ರೆ ಒಳ್ಳೇದು ಅಂತ ಅಂತಾರಾಷ್ಟ್ರೀಯ ಟೆಲಿಕಾಂ ಒಕ್ಕೂಟದ ಶಿಫಾರಸೇ ಇದೆ. ತಡವಾಗಿ ಬಂದ ಪ್ಯಾಕೆಟ್ ಕಳೆದುಹೋದ ಪ್ಯಾಕೆಟ್‌ಗೆ ಸಮ. ಎಕ್ಸಾಂ ಮುಗಿದ್ಮೇಲೆ ಹಾಲ್ ಟಿಕೆಟ್ ಸಿಕ್ಕಿದ ಹಾಗೆ.

3/6
ತಡ ಎಲ್ಲಿ ಆಗುತ್ತೆ? ಹೆಚ್ಚಾಗಿ ನಿಮ್ಮ ರೌಟರ್ ಹೊಟ್ಟೇಲೇ. ಅಡಿಕೆ ಮಂಡಿ ಗೇಟ್ ನೆನಪು ಮಾಡ್ಕೊಳ್ಳಿ. ನಿಮ್ಮ ವಿಡಿಯೋ ಅಪ್‌ಲೋಡ್ ಅಂದ್ರೆ ಸಾಲಾಗಿ ನಿಂತ ಲಾರಿಗಳು, ಒಂದೊಂದೂ 1,500 ಬೈಟ್. ಅಜ್ಜಿ ಮಾತು 200 ಬೈಟಿನ ಸೈಕಲ್ಲು. ಪೆದ್ದ ರೌಟರ್ ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸುತ್ತೆ. ಲಾರಿ ಎಲ್ಲ ಹೋಗೋವರೆಗೆ ಸೈಕಲ್ ಕಾಯ್ಬೇಕು. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. 2010ರಲ್ಲಿ ಜಿಮ್ ಗೆಟ್ಟಿಸ್ ಅನ್ನೋ ಎಂಜಿನಿಯರ್ ತನ್ನ ಮನೆ ನೆಟ್ಟಲ್ಲೇ ಇದನ್ನ ಹಿಡಿದದ್ದು.

ಪ್ಲಾನ್ ದೊಡ್ಡದು ಮಾಡಿದ್ರೆ ಗೇಟ್ ಅಗಲ ಆಗುತ್ತೆ ನಿಜ, ಅಪ್‌ಲೋಡ್ ಬೇಗನೂ ಮುಗಿಯುತ್ತೆ. ಆದ್ರೆ ಅಪ್‌ಲೋಡ್ ಸಿಕ್ಕಿದಷ್ಟೂ ಜಾಗ ತಿನ್ನುತ್ತೆ. ಅದು ಮುಗಿಯೋ ತನಕ ಸಾಲು ಮತ್ತೆ ಅಷ್ಟೇ ಉದ್ದ.

ನಂಬಿಕೆ ಇಲ್ವಾ? ಲ್ಯಾಪ್‌ಟಾಪಲ್ಲಿ ಕಮಾಂಡ್ ವಿಂಡೋ ತೆಗೆದು 8.8.8.8ಗೆ ಪಿಂಗ್ ಮಾಡ್ತಾ ಇರಿ. ಅದು ಓಡ್ತಿರುವಾಗಲೇ ಫೋನಿಂದ ದೊಡ್ಡ ವಿಡಿಯೋ ಡ್ರೈವ್‌ಗೆ ಹಾಕಿ. ನಮ್ಮನೇಲಿ 18 ಮಿಲಿಸೆಕೆಂಡ್ ಇದ್ದಿದ್ದು 640ಕ್ಕೆ ಹಾರ್ತು. ಅದೂ ಆ ಏಡಿ ರೌಟರಲ್ಲಿ!

ಇನ್ನೊಂದು ಗುರುತು: ಅವರ ಮಾತು ನಿಮಗೆ ಚೆನ್ನಾಗಿ ಕೇಳ್ತಾ, ನಿಮ್ಮದು ಮಾತ್ರ ಅವರಿಗೆ ತುಂಡಾಗ್ತಿದ್ರೆ ತೊಂದರೆ ಹೆಚ್ಚಾಗಿ ನಿಮ್ಮ ಮನೆ ಅಪ್‌ಲೋಡ್ ಕಡೇದು. ಆ ಕಡೆಯವರನ್ನ ಬೈಬೇಡಿ.

4/6
ಈಗ ಡಬ್ಬದ ಮೇಲಿನ ನಂಬರ್‌ಗೆ ಬರೋಣ. ಎಸಿ1200 ಅಂತ ಬರೆದಿದ್ರೆ ಅದು 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಎರಡನ್ನೂ ಕೂಡಿಸಿ ಮೇಲಕ್ಕೆ ಏರಿಸಿದ ಸಂಖ್ಯೆ. ನಿಮ್ಮ ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬ್ಯಾಂಡಲ್ಲಿರುತ್ತೆ. ಎರಡು ಬ್ರಾಂಚಿನ ಸೇಲ್ಸ್ ಕೂಡಿಸಿ ಒಂದೇ ಅಂಗಡಿ ಬೋರ್ಡಿಗೆ ಹಾಕಿದ ಹಾಗೆ. ಆಡಿಟಲ್ಲಿ ಹೀಗೆ ಮಾಡಿದ್ರೆ ಸರ್ ಪೇಪರ್ ಹರಿದು ಹಾಕ್ತಾರೆ.

ಆಂಟೆನಾ ಕಥೆ ಇನ್ನೂ ಚೆಂದ. ರೌಟರ್ ಎಷ್ಟು ಜೋರಾಗಿ ಕೂಗಿದ್ರೂ ಫೋನು ವಾಪಸ್ ಮಾತಾಡ್ಬೇಕಲ್ಲ? ಅದರದ್ದು ಪುಟ್ಟ ಆಂಟೆನಾ, ಸಣ್ಣ ಶಕ್ತಿ. ಅಡುಗೆಮನೇಲಿ ವೈಫೈ ಕಡ್ಡಿ ಫುಲ್ ತೋರಿಸ್ತಾ ನಿಮ್ಮ ದನಿ ಮಾತ್ರ ಹೋಗ್ದೇ ಇರೋಕೆ ಇದೂ ಒಂದು ಕಾರಣ.

ಗೇಮಿಂಗ್ ರೌಟರ್ ಪಾರ್ಟಿ, ನಿಮಗೂ ಇದೆ. "ಕಾಲ್‌ಗೆ ಮೊದಲ ಆದ್ಯತೆ" ಅನ್ನೋ ಬಟನ್ ತೋರಿಸಿ ಸಾವಿರಾರು ರೂಪಾಯಿ ಜಾಸ್ತಿ ತಗೋತಾರೆ. ಆದ್ರೆ ವೈಫೈ ಕಾಲಿಂಗ್ ಹೋಗೋದು ಕಂಪನಿವರೆಗೂ ಬೀಗ ಹಾಕಿದ ಸುರಂಗದಲ್ಲಿ. ಒಳಗಿರೋದು ಮಾತೋ ಬೇರೇನೋ ಅಂತ ರೌಟರ್‌ಗೆ ಕಾಣಲ್ಲ. ಮಾತನ್ನೇ ಗುರುತಿಸಿ ಆದ್ಯತೆ ಕೊಡೋದು ಅದಕ್ಕೆ ಅಷ್ಟು ಸುಲಭ ಅಲ್ಲ.

5/6
ಹಾಗಾದ್ರೆ ಏನು ನೋಡ್ಬೇಕು? ನನ್ನ ಪ್ರಕಾರ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಎಸ್‌ಕ್ಯೂಎಂ ಇದ್ಯಾ? ಕೆಲವು ಕಂಪನಿ ಇದನ್ನೇ ಸ್ಮಾರ್ಟ್ ಕ್ಯೂ ಅಂತ ಕರೀತಾರೆ. ಇದರೊಳಗೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಅನ್ನೋ ವಿಧಾನ ಇರುತ್ತೆ. ಒಳಗೇನಿದೆ ಅಂತ ಅದು ಕೇಳಲ್ಲ. ಒಬ್ಬೊಬ್ಬರಿಗೆ ಬೇರೆ ಸಾಲು ಮಾಡಿ, ಸೈಕಲ್ ಬಂದ್ರೆ ಲಾರಿಗಳ ನಡುವೆ ಬಿಡುತ್ತೆ, ಅಷ್ಟೇ. ಅಂಗಡಿಯವ್ರು ಮುಖ ಮುಖ ನೋಡ್ತಾರೆ, ಪರವಾಗಿಲ್ಲ, ಕೇಳಿ.

ಕಂಪನಿ ಕೊಡದಿದ್ರೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಬಹುದು. ಅವರ ತಾಣದಲ್ಲಿ ಯಾವ ರೌಟರ್‌ಗೆ ಆಗುತ್ತೆ ಅಂತ ಪಟ್ಟಿ ಇದೆ. ಹುಷಾರು: ಒಂದೇ ಮಾಡೆಲ್‌ನ ವರ್ಷನ್ 2, ವರ್ಷನ್ 4 ಒಳಗೆ ಬೇರೆ ಬೇರೆ ಚಿಪ್ ಇರ್ಬಹುದು. ಹಿಂದಿನ ಸ್ಟಿಕ್ಕರ್ ಓದದೆ ದುಡ್ಡು ಕೊಡ್ಬೇಡಿ. ತಪ್ಪಾಗಿ ಹಾಕಿದ್ರೆ ರೌಟರ್ ಇಟ್ಟಿಗೆ ಆಗುತ್ತೆ, ವಾರಂಟಿನೂ ಹೋಗ್ಬಹುದು. ಹಳೇ ಚಿಪ್ಪಿಗೆ 300 ಎಂಬಿಪಿಎಸ್‌ನ ಸಾಲು ನೋಡ್ಕೊಳ್ಳೋ ತಾಕತ್ತೂ ಇರಲ್ಲ. ನಮ್ಮಂಥ 50-100ರ ಮನೆಗೆ ಸಾಕು.

ಹಾಕಿದ್ಮೇಲೆ ನಿಜವಾಗಿ ಸಿಗೋ ಸ್ಪೀಡಿನ 85-90 ಪರ್ಸೆಂಟಿಗೆ ಮಿತಿ ಇಡಿ. ಆಗ ಸಾಲು ಕಂಪನಿ ಡಬ್ಬದಲ್ಲಿ ಅಲ್ಲ, ನಿಮ್ಮ ರೌಟರಲ್ಲಿ ನಿಲ್ಲುತ್ತೆ, ನಿಮ್ಮ ಮಾತು ಕೇಳುತ್ತೆ. "ಅಯ್ಯೋ, ಹತ್ತು ಪರ್ಸೆಂಟ್ ಸ್ಪೀಡ್ ಲಾಸ್" ಅಂತ ಕಮೆಂಟ್ ಹಾಕೋರು ಮೊದಲು ನಿಮ್ಮನೇಲಿ ಯಾರು ಯಾರಿಗೆ ಫೋನ್ ಮಾಡ್ತಾರೆ ನೋಡ್ಕೊಂಡು ಬನ್ನಿ.

ಎರಡನೇದು, ಡ್ಯುಯಲ್ ಬ್ಯಾಂಡ್ ಇರ್ಲೇಬೇಕು. ಪಿಜಿಲಿರೋ ಫ್ರೆಂಡ್ಸ್, ಇದು ನಿಮಗೆ: 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ, 1, 6, 11. ಬಿಲ್ಡಿಂಗಲ್ಲಿ ಇಪ್ಪತ್ತು ರೌಟರ್ ಇದ್ರೆ ಎಲ್ಲ ಅಲ್ಲೇ ಕಚ್ಚಾಡ್ತವೆ. ಕಾಲ್‌ಗೆ 5ಕ್ಕೆ ಬನ್ನಿ. ನಮ್ಮ ಊರಿನ ದಪ್ಪ ಗೋಡೆ ಮನೇಲಿ 5 ಎರಡು ಕೋಣೆ ದಾಟಲ್ಲ, ಅಲ್ಲಿ 2.4 ಪರವಾಗಿಲ್ಲ. ಪಕ್ಕದ ಮನೆಯವರ ರೌಟರ್ ಅರ್ಧ ಕಿಲೋಮೀಟರ್ ದೂರ ಇದೆ ತಾನೇ.

6/6
ಉಳಿದಿದ್ದು ಬೇಗ ಹೇಳ್ತೀನಿ. ರೌಟರನ್ನ ಟಿವಿ ಹಿಂದೆ, ಕಬ್ಬಿಣದ ಬೀರು ಮೇಲೆ ಇಡ್ಬೇಡಿ. ಮನೆ ಮಧ್ಯಕ್ಕೆ ಒಂದು ಲ್ಯಾನ್ ವೈರ್ ಎಳೀರಿ. ಎಸ್‌ಐಪಿ ಆ್ಯಪ್‌ನಿಂದ ಕಾಲ್ ಮಾಡೋರು ರೌಟರಲ್ಲಿ ಎಸ್‌ಐಪಿ ಎಎಲ್‌ಜಿ ಆಫ್ ಮಾಡಿ, ಸಹಾಯ ಮಾಡೋಕೆ ಬಂದು ಕಾಲ್ ಕೆಡಿಸೋದೇ ಅದರ ಕಸುಬು.

ಕರೆಂಟು. ಇದನ್ನ ಯಾವ ರಿವ್ಯೂನಲ್ಲೂ ಹೇಳಲ್ಲ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ರೌಟರ್ ಸತ್ತು, ಅದರ ಜೊತೆ ವೈಫೈ ಕಾಲಿಂಗೂ ಸಾಯುತ್ತೆ. ಆಂಬುಲೆನ್ಸಿಗೆ ಫೋನ್ ಮಾಡ್ಬೇಕಾದ ರಾತ್ರಿ ಅದೇ ಆಗಿರುತ್ತೆ. ಪ್ಲಾನ್ ಅಪ್‌ಗ್ರೇಡಿಗೆ ಹಾಕೋ ದುಡ್ಡಲ್ಲಿ ಒಂದು ಪುಟ್ಟ ಯುಪಿಎಸ್ ತಗೊಳ್ಳಿ. ರೌಟರ್‌ಗೆ ಮಾತ್ರ ಅಲ್ಲ, ಫೈಬರ್ ಬರೋ ಡಬ್ಬಕ್ಕೂ ಬೇಕು. ಅಡಾಪ್ಟರ್ ಮೇಲೆ 9 ವೋಲ್ಟೋ 12 ವೋಲ್ಟೋ ಓದಿ ತಗೊಳ್ಳಿ.

ನಾವು ಕೊನೆಗೆ ಎರಡು ಸಾವಿರದೊಳಗಿನ ಸಾಧಾರಣ ರೌಟರ್‌ಗೆ ಎಸ್‌ಕ್ಯೂಎಂ ಹಾಕಿದ್ವಿ, ಪ್ಲಾನ್ ವಾಪಸ್ 40ಕ್ಕೆ ಇಳಿಸಿದ್ವಿ. ಅಪ್‌ಲೋಡ್ ಆಗ್ತಿರುವಾಗ್ಲೂ ಪಿಂಗ್ 35 ದಾಟಲ್ಲ. ಏಡಿ ಅಟ್ಟದ ಮೇಲಿದೆ, ಅಪ್ಪ ಅದರ ಬಗ್ಗೆ ಇನ್ನೂ ಏನೂ ಅಂದಿಲ್ಲ, ಅದೇ ಭಯ.

ಇವತ್ತು ರಾತ್ರಿ ಟೆಸ್ಟ್ ಮಾಡಿ ಎರಡೇ ನಂಬರ್ ಕಮೆಂಟ್ ಹಾಕಿ: ಸುಮ್ನಿದ್ದಾಗ ಪಿಂಗ್ ಎಷ್ಟು, ಅಪ್‌ಲೋಡ್ ಆಗ್ತಿರುವಾಗ ಎಷ್ಟು. 300 ಎಂಬಿಪಿಎಸ್ ಪ್ಲಾನಿನವರು ಮೊದಲು.