ಓದೋರು ಬೇರೆ, ಓಟು ಹಾಕೋರು ಬೇರೆ

ಪತ್ರಕರ್ತ ಚುನಾವಣೆಗೆ ನಿಲ್ಲಬಾರದು ಅಂತ ಯಾವ ಕಾನೂನೂ ಇಲ್ಲ. ವಕೀಲ ನಿಲ್ಲುತ್ತಾನೆ, ಕಂಟ್ರಾಕ್ಟರ್ ನಿಲ್ಲುತ್ತಾನೆ, ಸಿನಿಮಾದವರು ನಿಲ್ಲುತ್ತಾರೆ. ಬರೆಯುವವನು ಯಾಕೆ ನಿಲ್ಲಬಾರದು? ನಿಲ್ಲಲಿ. ಆದರೆ ಪೆನ್ನು ಕೆಳಗಿಟ್ಟು ಕುರ್ಚಿಗೆ ಹೊರಟವನು ಯಾರ ಹೆಗಲ ಮೇಲೆ ಕೂತು ಹೊರಟ ಅನ್ನೋದನ್ನ ನಾವು ಕೇಳಲೇಬೇಕು. ಯಾಕೆಂದರೆ ಶಿವಮೊಗ್ಗ, ಭದ್ರಾವತಿ ಹಾಸ್ಟೆಲುಗಳಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಲ್ಲೂ ಈ ಕನಸು ಕಾಣುವವರಿದ್ದಾರೆ. ಮೊದಲು ಟಿ.ವಿ.ಯಲ್ಲಿ ಮುಖ, ಆಮೇಲೆ ಪೋಸ್ಟರಿನಲ್ಲಿ ಮುಖ, ಆಮೇಲೆ ವಿಧಾನಸೌಧ. ಕನಸು ಕಾಣೋದು ತಪ್ಪಲ್ಲ. ದಾರಿ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರಬೇಕು, ಅಷ್ಟೆ.

ಕನ್ನಡನಾಡಿನಲ್ಲಿ ಈಚಿನ ದೊಡ್ಡ ಉದಾಹರಣೆ ಪ್ರತಾಪ್ ಸಿಂಹ. 'ಬೆತ್ತಲೆ ಜಗತ್ತು' ಎಂಬ ಅಂಕಣ ಬರೆದು ಹೆಸರಾದವರು. ವಿಜಯ ಕರ್ನಾಟಕದಲ್ಲಿದ್ದರು, ಆಮೇಲೆ ಕನ್ನಡಪ್ರಭಕ್ಕೆ ಹೋದರು. 2014ರಲ್ಲಿ ಪತ್ರಿಕೆ ಬಿಟ್ಟು ಬಿ.ಜೆ.ಪಿ. ಟಿಕೆಟ್ಟಿನಲ್ಲಿ ಮೈಸೂರು-ಕೊಡಗು ಲೋಕಸಭಾ ಕ್ಷೇತ್ರಕ್ಕೆ ನಿಂತರು, ಗೆದ್ದರು. 2019ರಲ್ಲಿ ಮತ್ತೆ ಗೆದ್ದರು. 2024ರಲ್ಲಿ ಪಕ್ಷ ಅವರನ್ನು ಬಿಟ್ಟು ಮೈಸೂರು ಅರಮನೆಯ ಯದುವೀರ್ ಒಡೆಯರ್ ಅವರಿಗೆ ಟಿಕೆಟ್ ಕೊಟ್ಟಿತು. ಅವರೂ ಗೆದ್ದರು. ಸಿಂಹರ ವಿಚಾರ ನಮಗೆ ಒಪ್ಪಿಗೆ ಇಲ್ಲ, ಅದನ್ನು ಬೇರೆ ಹೇಳಬೇಕಾಗಿಲ್ಲ. ಇಲ್ಲಿ ನೋಡಬೇಕಾದ್ದು ಲೆಕ್ಕ. ಅಂಕಣ ಓದಿದವರ ಓಟೇ ಗೆಲ್ಲಿಸಿದ್ದರೆ ಪಕ್ಷ ಅವರನ್ನು ಪಕ್ಕಕ್ಕೆ ಸರಿಸೋದು ಅಷ್ಟು ಸಲೀಸಾಗುತ್ತಿರಲಿಲ್ಲ. ಹೆಸರು ಪತ್ರಿಕೆ ಕೊಟ್ಟಿದ್ದು, ಓಟು ಪಕ್ಷದ್ದು. ಕೊಟ್ಟ ಕೈಯೇ ಕಿತ್ತುಕೊಂಡಿತು.

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯದೇ. ಕೊನಗವಳ್ಳಿಯ ಪಿ. ಲಂಕೇಶ್ ಮೇಷ್ಟ್ರು ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆ ಮಾಡಿದರು. ಜಾಹೀರಾತು ಬೇಡ ಅಂದರು. ಊರೂರಲ್ಲಿ ಓದುಗರು ಹುಟ್ಟಿದರು. 1983ರಲ್ಲಿ ಗುಂಡೂರಾವ್ ಸರ್ಕಾರ ಸೋತದ್ದರಲ್ಲಿ ಆ ಪತ್ರಿಕೆಗೂ ಪಾಲಿದೆ ಅಂತ ಜನ ಈಗಲೂ ಹೇಳುತ್ತಾರೆ. ಅಂಥ ಲಂಕೇಶ್ ಆ ದಶಕದ ಕೊನೆಯಲ್ಲಿ ಪ್ರಗತಿರಂಗ ಅಂತ ಪಕ್ಷ ಕಟ್ಟಲು ಹೊರಟರು. ಅದು ಬೇರು ಬಿಡಲಿಲ್ಲ. ಪತ್ರಿಕೆ ಬಿಸಿ ದೋಸೆಯಂತೆ ಖರ್ಚಾಯಿತು, ಪಕ್ಷ ಖರ್ಚಾಗಲಿಲ್ಲ. ಓದೋರು ಬೇರೆ, ಓಟು ಹಾಕೋರು ಬೇರೆ. ಒಬ್ಬ ಮನುಷ್ಯ ಬೆಳಿಗ್ಗೆ ನಿಮ್ಮನ್ನು ಓದಿ ಭೇಷ್ ಅನ್ನುತ್ತಾನೆ, ಸಂಜೆ ತನ್ನ ಜಾತಿಯವನಿಗೆ ಓಟು ಹಾಕುತ್ತಾನೆ.

ಹಾಗಾದರೆ ಅಕ್ಷರ ಬಲ್ಲವನು ರಾಜಕೀಯಕ್ಕೆ ಹೋಗಲೇಬಾರದಾ? ಬಾಬಾಸಾಹೇಬರನ್ನು ನೋಡಿ. 1920ರ ಜನವರಿ 31ಕ್ಕೆ 'ಮೂಕನಾಯಕ' ಬಂತು. ದುಡ್ಡು ಕೊಡ್ತೀವಿ, ಜಾಹೀರಾತು ಹಾಕಿ ಅಂದರೂ 'ಕೇಸರಿ' ಪತ್ರಿಕೆ ಹಾಕಲಿಲ್ಲ. 1927ರ ಮಾರ್ಚಿಯಲ್ಲಿ ಮಹಾಡ್ ಕೆರೆಯ ನೀರು ಮುಟ್ಟಿದರು. ಎರಡೇ ವಾರಕ್ಕೆ, ಏಪ್ರಿಲ್ 3ಕ್ಕೆ, 'ಬಹಿಷ್ಕೃತ ಭಾರತ' ಹೊರಬಂತು. 1930ರಲ್ಲಿ 'ಜನತಾ'. ಇಷ್ಟೆಲ್ಲ ಆದಮೇಲೆ 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ. 1937ರಲ್ಲಿ ಗೆದ್ದು ಮುಂಬಯಿ ಶಾಸನಸಭೆಗೆ ಹೋದವರು ಅದೇ ವರ್ಷ ಖೋತಿ ಜಮೀನ್ದಾರಿ ರದ್ದು ಮಾಡುವ ಮಸೂದೆ ಮಂಡಿಸಿದರು. ಅನುಕ್ರಮ ಗಮನಿಸಿ: ಮೊದಲು ಪತ್ರಿಕೆ, ಆಮೇಲೆ ಕೆರೆ, ಆಮೇಲೆ ಪಕ್ಷ, ಆಮೇಲೆ ಕುರ್ಚಿ. ಕುರ್ಚಿಗೆ ಹೋದರೂ 'ಜನತಾ' ನಿಲ್ಲಲಿಲ್ಲ. 1952ರ ಲೋಕಸಭಾ ಚುನಾವಣೆಯಲ್ಲಿ ಅವರು ಸೋತರು. ಸೋತರೂ ಅವರು ಅಂಬೇಡ್ಕರರೇ ಆಗಿ ಉಳಿದರು, ಯಾಕೆಂದರೆ ಅವರ ಬಲ ಟಿಕೆಟ್ಟಿನಲ್ಲಿ ಇರಲಿಲ್ಲ.

ನಮ್ಮ ಮಲೆನಾಡಲ್ಲೂ ಹಾಗೇ ಆಯಿತು. 1951ರ ಕಾಗೋಡು ಗೇಣಿದಾರರ ಹೋರಾಟ ಮೊದಲು. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದದ್ದು ಆಮೇಲೆ. ಗೇಣಿಯೂ ಇಲ್ಲದ ನಮ್ಮ ಕೂಲಿಯವರಿಗೆ ಆ ಹೋರಾಟದ ಫಲ ಎಷ್ಟು ಸಿಕ್ಕಿತು ಅನ್ನೋದು ಬೇರೆ ಪ್ರಶ್ನೆ. ಆದರೆ ದಾರಿ ಸರಿಯಾಗಿತ್ತು. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ನಮ್ಮ ಹತ್ತಿರ ಕುರ್ಚಿಯೂ ಇರಲಿಲ್ಲ, ದೊಡ್ಡ ಪತ್ರಿಕೆಯೂ ಇರಲಿಲ್ಲ. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದವರು ಏಟು ತಿಂದರು, ಅವರನ್ನೇ ಬೆತ್ತಲು ಮಾಡಲಾಯಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಬೆತ್ತಲೆ ಅನ್ನೋದು ಒಬ್ಬರಿಗೆ ಅಂಕಣದ ಹೆಸರು. ನಮ್ಮ ಹೆಣ್ಣುಮಕ್ಕಳಿಗೆ ಅದು ಮೈಮೇಲೆ ಬಿದ್ದ ಹರಕೆಯಾಗಿತ್ತು.

ಈಗ ನಮ್ಮ ಕಡೆಗೆ ತಿರುಗೋಣ. ಪತ್ರಿಕೆ ಬಿಟ್ಟು ರಾಜಕೀಯಕ್ಕೆ ಹೋಗೋಕೆ ಮೊದಲು ಪತ್ರಿಕೆಯ ಒಳಗೆ ಹೋಗಬೇಕಲ್ಲ! 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದಿಲ್ಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿದರು. ಸಿಗಲಿಲ್ಲ. ಅದನ್ನೇ 'ಪಯೋನಿಯರ್' ಪತ್ರಿಕೆಯಲ್ಲಿ ಬರೆದರು. 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ದೇಶದ ಪತ್ರಿಕೆ, ಟಿ.ವಿ. ಕಚೇರಿಗಳ 121 ಮೇಲಿನ ಹುದ್ದೆಗಳನ್ನು ಎಣಿಸಿದವು. 106ರಲ್ಲಿ ಮೇಲ್ಜಾತಿಯವರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. ನಮ್ಮ ಭದ್ರಾವತಿಯ ಎಂ.ಪಿ.ಎಂ. ಕಾರ್ಖಾನೆ 2015ರಲ್ಲಿ ನಿಲ್ಲುವ ತನಕ ಪತ್ರಿಕೆಗಳಿಗೆ ಕಾಗದ ಮಾಡಿಕೊಟ್ಟಿತು. ಕಾಗದ ನಮ್ಮೂರಿನದು, ಅದರ ಮೇಲಿನ ಅಕ್ಷರ ನಮ್ಮದಲ್ಲ.

ಅಕ್ಷರ ನಮ್ಮ ಕೈಲಿಲ್ಲದಿದ್ದರೆ ಏನಾಗುತ್ತೆ ಅಂತ 1973ರ ನವೆಂಬರಿನಲ್ಲಿ ಕಂಡಿದ್ದೇವೆ. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಆ ಮಾತಿಗೆ ಬೆಂಕಿ ಹತ್ತಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಒಬ್ಬರಿಗೆ ಪತ್ರಿಕೆ ಕುರ್ಚಿಗೆ ಏಣಿ ಆಗುತ್ತೆ. ನಮ್ಮವರಿಗೆ ಇರುವ ಕುರ್ಚಿಯೂ ಹೋಗುತ್ತೆ.

ಇಷ್ಟಾದರೂ ನಮ್ಮ ಹುಡುಗರು ಕೆಲವರು ಒಳಗೆ ಹೋಗುತ್ತಾರೆ, ಹೆಸರು ಮಾಡುತ್ತಾರೆ. ಆಗ ಪಕ್ಷಗಳು ಬಾಗಿಲಿಗೆ ಬರುತ್ತವೆ. 2008ರಿಂದ ಶಿವಮೊಗ್ಗ ಗ್ರಾಮಾಂತರ ನಮಗೆ ಮೀಸಲಾದ ಕ್ಷೇತ್ರ. ಮೀಸಲು ಅಂದರೆ ನಿಲ್ಲೋನು ನಮ್ಮವನು, ಓಟು ಹಾಕೋರು ಎಲ್ಲರೂ. 1932ರ ಪೂನಾ ಒಪ್ಪಂದದಿಂದ ಬಂದ ಏರ್ಪಾಡು ಇದು. ಇಂಥ ಕಡೆ ಪಕ್ಷಗಳಿಗೆ ಬೇಕಾದ್ದು ನಮ್ಮ ಜಾತಿಯ ಮುಖ, ಅವರ ಮಾತಾಡುವ ಬಾಯಿ. ಟಿ.ವಿ.ಯಲ್ಲಿ ಪಳಗಿದ ಮುಖ ಆದರಂತೂ ಇನ್ನೂ ಸಲೀಸು. ಹಿಂದೆ ಸಂಘಟನೆ ಇಲ್ಲದೆ ಹೋದವನು ಗೆದ್ದ ಮಾರನೇ ದಿನವೇ ಮೂಕನಾಗುತ್ತಾನೆ. ಮೂಕರಿಗೆ ನಾಯಕ ಬೇಕು ಅಂತ ಬಾಬಾಸಾಹೇಬರು ಪತ್ರಿಕೆ ಮಾಡಿದರು. ನಾಯಕನೇ ಮೂಕನಾದರೆ ಏನು ಮಾಡೋಣ?

ಆದ್ದರಿಂದ ಹಾಸ್ಟೆಲ್ ಗೆಳೆಯರೇ, ಯಾರೇ ಪೆನ್ನು ಬಿಟ್ಟು ಓಟು ಕೇಳಲು ಬರಲಿ, ನಮ್ಮವನೇ ಬರಲಿ, ಕೂರಿಸಿ ಟೀ ಕೊಟ್ಟು ಮೂರು ಮಾತು ಕೇಳಿ. ಅಣ್ಣಾ, ನೀನು ಬರೆಯುತ್ತಿದ್ದಾಗ ನಮ್ಮ ಕೇರಿಯ ಬಗ್ಗೆ ಎಷ್ಟು ಸಲ ಬರೆದೆ? ಪತ್ರಿಕೆಯ ಸಂಬಳ ತಗೊಳ್ಳುತ್ತಿದ್ದಾಗಲೇ ಪಕ್ಷದ ಕೆಲಸ ಮಾಡುತ್ತಿದ್ದೆಯಾ? ನಾಳೆ ಪಕ್ಷ ಟಿಕೆಟ್ ಕಿತ್ತುಕೊಂಡರೆ ನಿನ್ನ ಹಿಂದೆ ಯಾರು ನಿಲ್ಲುತ್ತಾರೆ? ಮೂರನೆಯದಕ್ಕೆ ಉತ್ತರ ಇಲ್ಲದವನು ಒಳ್ಳೆಯವನಾಗಿದ್ದರೂ ನಮಗೆ ಆಗಿ ಬರೋದಿಲ್ಲ.

ನಿಮ್ಮಲ್ಲಿ ಬರೆಯುವವರು ಬರೆಯಿರಿ. ಪತ್ರಿಕೆಗಳ ಬಾಗಿಲು ತಟ್ಟಿ, ತೆಗೆಯದಿದ್ದರೆ ಯಾಕೆ ತೆಗೆಯಲಿಲ್ಲ ಅಂತ ಅದನ್ನೇ ಬರೆಯಿರಿ. ಚುನಾವಣೆಗೆ ನಿಲ್ಲುವ ಆಸೆ ಇರುವವರು ಮೊದಲು ಹಾಸ್ಟೆಲಿನ ಊಟದ ಪ್ರಶ್ನೆ, ಸ್ಕಾಲರ್‌ಶಿಪ್ಪಿನ ಪ್ರಶ್ನೆ, ಊರಿನ ಸ್ಮಶಾನದ ಜಾಗದ ಪ್ರಶ್ನೆ ಹಿಡಿದು ಹತ್ತು ಜನರನ್ನು ಜೊತೆಗೆ ನಿಲ್ಲಿಸಿ. ಆ ಹತ್ತು ಜನ ನೂರಾದ ದಿನ ನೀವು ಟಿಕೆಟ್ ಕೇಳಿಕೊಂಡು ಹೋಗಬೇಕಾಗಿಲ್ಲ.

ಜೈ ಭೀಮ್.