ಸಿಗ್ನಲ್ ಎಣಿಸುವುದು ಗಾಡಿಯನ್ನೋ, ಜನರನ್ನೋ?

ಬೆಂಗಳೂರಿನ ಹಲವು ವೃತ್ತಗಳಲ್ಲಿ ಈಗ ಸಿಗ್ನಲ್ ದೀಪ ಗಡಿಯಾರ ನೋಡಿ ಬದಲಾಗುವುದಿಲ್ಲ, ರಸ್ತೆ ನೋಡಿ ಬದಲಾಗುತ್ತದೆ. ಯಾವ ಕಡೆಯಿಂದ ಎಷ್ಟು ಗಾಡಿ ಬರುತ್ತಿವೆ ಎಂದು ಕಂಬದ ಮೇಲಿನ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಆ ಲೆಕ್ಕದ ಮೇಲೆ ಹಸಿರು ದೀಪದ ಹೊತ್ತು ಹೆಚ್ಚು ಕಡಿಮೆಯಾಗುತ್ತದೆ. ಇದರ ತಂತ್ರಾಂಶ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯದು. ಒಳ್ಳೆಯದೇ. ಖಾಲಿ ರಸ್ತೆಗೆ ಹಸಿರು ಕೊಟ್ಟು, ತುಂಬಿದ ರಸ್ತೆಯನ್ನು ಕಾಯಿಸುತ್ತಿದ್ದ ಹಳೆಯ ಸಿಗ್ನಲ್‌ಗಿಂತ ಇದು ಎಷ್ಟೋ ಮೇಲು.

ಪೇಟೆಯ ಟ್ರಾಫಿಕ್ ಕಟ್ಟಿಕೊಂಡು ನಮಗೇನು ಎನ್ನಬೇಡಿ. ಆಸ್ಪತ್ರೆಗೆ, ಕೋರ್ಟಿಗೆ, ಮಗಳ ಕಾಲೇಜು ಸೀಟಿಗೆ ಅಂತ ಹೋದಾಗ ಆ ಸಿಗ್ನಲ್‌ನಲ್ಲಿ ನಿಲ್ಲುವ ಬಸ್ಸಿನೊಳಗೆ ನಾವೂ ಇರುತ್ತೇವೆ. ಹತ್ತು ಗಂಟೆಗೆ ಓಪಿಡಿ ಚೀಟಿ ಮಾಡಿಸಬೇಕಾದವರು ಹನ್ನೊಂದೂವರೆಗೆ ಇಳಿದರೆ ಒಂದು ದಿನ ಹೋಯಿತು, ಒಂದು ದಿನದ ಕೂಲಿಯೂ ಹೋಯಿತು.

ನಮ್ಮ ತಕರಾರು ಇರುವುದು ಎಣಿಕೆಯ ರೀತಿಯಲ್ಲಿ. ರಸ್ತೆ ಎಂಜಿನಿಯರುಗಳ ಲೆಕ್ಕದಲ್ಲಿ ಒಂದು ಬಸ್ಸು ಸುಮಾರು ಮೂರು ಕಾರಿಗೆ ಸಮ. ಅದು ಬಸ್ಸು ಹಿಡಿಯುವ ಜಾಗದ ಲೆಕ್ಕ, ಒಳಗೆ ಕೂತವರ ಲೆಕ್ಕವಲ್ಲ. ಅರವತ್ತು ಜನರ ಬಸ್ಸೂ ಒಬ್ಬರೇ ಕೂತ ಕಾರೂ ಅಕ್ಕಪಕ್ಕ ನಿಂತರೆ ಆ ಅರವತ್ತು ಜನ ಲೆಕ್ಕಕ್ಕೇ ಸಿಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲಂತೂ ಬಸ್ಸಿನೊಳಗೆ ಎಷ್ಟು ಜನ ಇರುತ್ತಾರೆ ಎಂದು ನಿಮಗೆ ಹೇಳಬೇಕಿಲ್ಲ.

ತಮಾಷೆಯೆಂದರೆ, ಈ ಲೆಕ್ಕ ಬಸ್ಸಿನಲ್ಲೇ ಇದೆ. ಕಂಡಕ್ಟರ್ ಕೈಯಲ್ಲಿರುವ ಮೆಷಿನ್ನಿಗೆ ಯಾರು ಎಲ್ಲಿ ಹತ್ತಿದರು, ಎಲ್ಲಿಯವರೆಗೆ ಟಿಕೆಟ್ ಪಡೆದರು ಎಂಬುದು ಗೊತ್ತು. ಹೆಂಗಸರ ಶೂನ್ಯ ಟಿಕೆಟ್ಟೂ ಅದರಿಂದಲೇ ಬರುತ್ತದೆ. ಇನ್ನು ಬಸ್ಸು ಎಲ್ಲಿದೆ ಎಂಬ ಮಾತು. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸಾರಿಗೆ ವಾಹನಗಳಿಗೆ ಜಿಪಿಎಸ್ ಉಪಕರಣವನ್ನೂ ಅಪಾಯದಲ್ಲಿ ಒತ್ತುವ ಬಟನ್ನನ್ನೂ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಆ ಉಪಕರಣದೊಳಗೆ ನಮ್ಮ ಫೋನಿನಂತೆಯೇ ಒಂದು ಸಿಮ್ ಇರುತ್ತದೆ. ಬಸ್ಸು ಎಲ್ಲಿದೆ ಎಂಬುದನ್ನು ಅದು ಮೊಬೈಲ್ ಟವರ್ ಮೂಲಕ ಕಳಿಸುತ್ತಲೇ ಇರುತ್ತದೆ. ಟವರ್ ಸಿಗದ ಕಡೆ ಮಾಹಿತಿಯನ್ನು ಕೂಡಿಟ್ಟುಕೊಂಡು, ಸಿಕ್ಕ ಮೇಲೆ ಕಳಿಸುತ್ತದೆ.

ಈ ಎರಡು ಲೆಕ್ಕಗಳನ್ನು ಸಿಗ್ನಲ್‌ಗೆ ಮುಟ್ಟಿಸಿದರೆ, ತುಂಬಿದ ಬಸ್ಸು ವೃತ್ತದ ಹತ್ತಿರ ಬರುವಾಗ ಹಸಿರು ದೀಪ ಹತ್ತು ಸೆಕೆಂಡು ಹೆಚ್ಚು ಉರಿಯಬಹುದು. ಲಂಡನ್ನಿನಲ್ಲಿ ಬಸ್ಸಿಗೆ ಹೀಗೆ ದಾರಿ ಬಿಡುವ ಸಿಗ್ನಲ್‌ಗಳು ಬಹಳ ವರ್ಷಗಳಿಂದ ಇವೆ. ಅಷ್ಟು ದೂರ ಹೋಗುವುದೂ ಬೇಡ, ಹುಬ್ಬಳ್ಳಿ-ಧಾರವಾಡ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೆ ಚಿಗರಿ ಬಸ್ಸಿಗೆಂದೇ ಬೇರೆ ದಾರಿ ಮಾಡಿದ್ದಾರಲ್ಲ! ಬಸ್ಸಿಗೆ ಮೊದಲ ಮರ್ಯಾದೆ ಎಂಬ ಯೋಚನೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಆದರೆ ಎಲ್ಲ ಊರಲ್ಲೂ ರಸ್ತೆ ಒಡೆದು ಬೇರೆ ದಾರಿ ಮಾಡಲು ಜಾಗವಿಲ್ಲ, ದುಡ್ಡೂ ಇಲ್ಲ. ಸಿಗ್ನಲ್‌ಗೆ ಬಸ್ಸಿನ ಗುರುತು ಹಿಡಿಯಲು ಕಲಿಸುವುದಕ್ಕೆ ಅಷ್ಟು ಖರ್ಚು ಬೇಕಾಗದು. ಕಾರಿನವರು ಗೊಣಗುತ್ತಾರೆ, ಗೊಣಗಲಿ.

ಇನ್ನೊಂದು ಮಾತು. 2012ರಲ್ಲೇ ಮೈಸೂರಿನ ನಗರ ಬಸ್ಸುಗಳಿಗೆ ಜಿಪಿಎಸ್ ಹಾಕಿ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿಲ್ದಾಣದ ಬೋರ್ಡಿನಲ್ಲಿ ತೋರಿಸಲಾಯಿತು. ಬೆಂಗಳೂರಿನವರಿಗೆ 2023ರಲ್ಲಿ ನಮ್ಮ ಬಿಎಂಟಿಸಿ ಆ್ಯಪ್ ಬಂತು. ಪೇಟೆಯಲ್ಲಿ ಒಂದು ಬಸ್ಸು ತಪ್ಪಿದರೆ ಕಾಲು ಗಂಟೆಯಲ್ಲಿ ಇನ್ನೊಂದು ಸಿಗುತ್ತದೆ. ದಿನಕ್ಕೆ ಎರಡೇ ಟ್ರಿಪ್ ಇರುವ ನಮ್ಮೂರುಗಳಲ್ಲಿ ಮಾತ್ರ ಅರಳಿಕಟ್ಟೆಯ ಮೇಲೆ ಕೂತು, ದೂರದ ಧೂಳು ನೋಡಿ ಬಸ್ಸು ಬಂತೇ ಎಂದು ಅಂದಾಜು ಮಾಡುತ್ತೇವೆ. ಈ ಮಾಹಿತಿ ಹೆಚ್ಚು ಬೇಕಾಗಿರುವುದು ಯಾರಿಗೆ?

ಇದಕ್ಕೆ ದೊಡ್ಡ ಬೋರ್ಡು ಬೇಡ, ಆ್ಯಪೂ ಬೇಡ. ಬಸ್ಸು ಹಿಂದಿನ ಊರು ಬಿಟ್ಟಾಗ, ಇಲ್ಲವೇ ಆ ದಿನ ಟ್ರಿಪ್ ರದ್ದಾದಾಗ ಒಂದು ಕನ್ನಡ ಎಸ್ಸೆಮ್ಮೆಸ್ ಬಂದರೆ ಸಾಕು. ಕೀಪ್ಯಾಡ್ ಫೋನಿನ ಅಜ್ಜಿಗೆ ಓದಲು ಬಾರದಿದ್ದರೆ ಪಕ್ಕದಲ್ಲಿ ಕೂತ ಶಾಲೆ ಹುಡುಗ ಓದಿ ಹೇಳುತ್ತಾನೆ.